ಹನ್ನೆರಡು ಹೆಜ್ಜೆಗಳ ಸುಳ್ಳು

ಮನೆಯಿಂದ,
ಹೊಲಿಗೆ ಮೆಷಿನ್ನಿನ ಪಕ್ಕದ ಮೇಜು,
ಮಾರ್ಚ್ ಹನ್ನೊಂದು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

‘ಪ್ರೀತಿಯ’ ಎಂದು ಬರೆದದ್ದನ್ನು ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಮೊದಲು ನಿನ್ನ ವಿಷಯ ಹೇಳು. ಭುಜದ ನೋವು ಹೇಗಿದೆ? ದಿನವಿಡೀ ಬಗ್ಗಿ ಕೂತು ಊರಿನವರ ಹಲ್ಲಿನ ಸೆಟ್ಟು ಉಜ್ಜುತ್ತಿದ್ದರೆ ಭುಜ ಹಿಡಿಯದೆ ಇನ್ನೇನಾಗುತ್ತದೆ? ಮೂವತ್ತೆರಡು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಬಗ್ಗಿದವಳು ಹೇಳುತ್ತಿದ್ದೇನೆ, ಅರ್ಧ ಗಂಟೆಗೊಮ್ಮೆ ಎದ್ದು ಕೈ ಮೇಲೆತ್ತಿ ಇಳಿಸು. ಯಾರಾದರೂ ನೋಡಿದರೆ ನೋಡಲಿ. ಪ್ಲಾಸ್ಟರಿನ ಧೂಳು ಒಳಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊ. ಹಾಸ್ಟೆಲ್ಲಿನ ಊಟ ಸರಿಯಿಲ್ಲವೆಂದು ಅರ್ಧ ಹೊಟ್ಟೆಯಲ್ಲಿ ಮಲಗಬೇಡ. ನೀನು ಈ ಕೋರ್ಸಿಗೆ ಹೊರಟಾಗ ‘ಬೋಳು ಬಾಯಿಗೆ ಹಲ್ಲು ಕಟ್ಟೋದೂ ಒಂದು ವಿದ್ಯೆಯೇನೆ’ ಎಂದು ಹೀಗಳೆದಿದ್ದೆ. ಹೋದ ವಾರದಿಂದ ನನ್ನದೇ ಮೇಲಿನ ದವಡೆಯ ಹಲ್ಲೊಂದು ಅಲ್ಲಾಡುತ್ತಿದೆ. ನಗಬೇಡ.

ನಿನ್ನ ಗಂಡ ಚೆನ್ನಾಗಿದ್ದಾನೆ. ವರ್ಕ್‌ಶಾಪಿನಿಂದ ಬಂದವನೇ ಎಣ್ಣೆ ಮೆತ್ತಿದ ಅಂಗಿಯಲ್ಲೇ ಮಗಳನ್ನು ಎತ್ತಿಕೊಳ್ಳುತ್ತಾನೆ, ನಾನು ಬೈಯುತ್ತೇನೆ, ಅವನು ‘ಸುಮ್ನಿರಮ್ಮ’ ಅನ್ನುತ್ತಾನೆ. ಇಡೀ ದಿನಕ್ಕೆ ಅವನಾಡುವ ಮಾತು ಅದೊಂದೇ. ಪಿಟೀಲು ಅವನ ಪಾಲಿನದನ್ನೂ ಸೇರಿಸಿ ಆಡುತ್ತಾಳೆ. ಹುಟ್ಟಿದಾಗ ಅವಳ ಅಳು ಯಾರೋ ತಂತಿ ಬಿಗಿ ಮಾಡುತ್ತಿರುವ ಹಾಗಿತ್ತೆಂದು ನೀನು ತಮಾಷೆಗೆ ಇಟ್ಟ ಹೆಸರು, ಏಳು ವರ್ಷ ತುಂಬಿದರೂ ಅಂಟಿಕೊಂಡೇ ಇದೆ. ಮುಂದಿನ ಎರಡು ಹಲ್ಲು ಬಿದ್ದಿವೆ. ‘ಅಮ್ಮ ಬಂದು ಕಟ್ತಾಳೆ, ಬಿಡು’ ಎಂದು ಕನ್ನಡಿಯಲ್ಲಿರುವವಳಿಗೆ ಸಮಾಧಾನ ಹೇಳುತ್ತಾಳೆ.

ಇದನ್ನೆಲ್ಲ ಭಾನುವಾರದ ಫೋನಿನಲ್ಲೇ ಹೇಳಬಹುದಿತ್ತು. ಮುಂದೆ ಬರೆಯಲಿರುವುದನ್ನು ಮಾತ್ರ ಫೋನಿನಲ್ಲಿ ಹೇಳಲಾಗಲಿಲ್ಲ. ಪಕ್ಕದಲ್ಲಿ ಪಿಟೀಲು ಕಿವಿ ನಿಮಿರಿಸಿ ಕೂತಿರುತ್ತಾಳೆ ಎನ್ನುವುದು ಒಂದು ನೆಪ. ನಿಜವೇನೆಂದರೆ, ‘ಅತ್ತೆ, ಪಿಟೀಲು ಹೇಗಿದ್ದಾಳೆ?’ ಎಂದು ನೀನು ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿಯೇ ‘ಏನಾಗಿದೆ ಅವಳಿಗೆ, ಕುದುರೆ ಹಾಗಿದ್ದಾಳೆ’ ಎಂದುಬಿಡುತ್ತದೆ. ನಾಲ್ಕು ತಿಂಗಳಿಂದ ಹಾಗೆಯೇ ಅನ್ನುತ್ತಾ ಬಂದಿದ್ದೇನೆ. ಪೆನ್ನು ಹಿಡಿದರೆ ಕೈ ಅಷ್ಟು ಸಲೀಸಾಗಿ ಸುಳ್ಳು ಹೇಳುವುದಿಲ್ಲ, ಒಂದೇ ಒಂದು ಸಲ ಹೇಳಿದೆ, ಅದೂ ಮುಂದೆ ಬರುತ್ತದೆ. ಹೈಸ್ಕೂಲಿನಲ್ಲಿ ಕೈಬರಹಕ್ಕೆ ಮೊದಲ ಬಹುಮಾನ ತೆಗೆದುಕೊಂಡವಳು ನಾನು. ಆ ಕೈಯಲ್ಲೇ ಬರೆದಿಡುತ್ತೇನೆ, ಒಂದೇ ಸಲಕ್ಕೆ ಓದಿ ಮುಗಿಸು. ನಿನಗೆ ಗೊತ್ತಿರುವ ಸಂಗತಿಗಳೂ ನಡುವೆ ಬರುತ್ತವೆ, ಬೇಸರಪಡಬೇಡ.

ಅಕ್ಟೋಬರಿನಲ್ಲಿ ಮಕ್ಕಳ ಕೇಂದ್ರಕ್ಕೆ ಅವಳನ್ನು ಕರೆದುಕೊಂಡು ಹೋಗಬೇಕಿತ್ತಲ್ಲ. ಸೆರೆಬ್ರಲ್ ಪಾಲ್ಸಿ ಇರುವ, ಅವಳ ಹಾಗೆ ಕೈಕಾಲು ಬಿಗಿದುಕೊಳ್ಳುವ ಮಕ್ಕಳು ದಿನನಿತ್ಯದ ಕೆಲಸಗಳನ್ನು ಎಷ್ಟರಮಟ್ಟಿಗೆ ಮಾಡಿಕೊಳ್ಳುತ್ತಾರೆ ಎಂದು ನೋಡಿ, ಒಂದರಿಂದ ಐದರವರೆಗೆ ಯಾವ ಹಂತವೆಂದು ಅವರು ಬರೆದುಕೊಡುತ್ತಾರೆ. ಆ ಕಾಗದದ ಮೇಲೆಯೇ ಹೊಸ ಶಾಲೆಯಲ್ಲಿ ಯಾವ ಕೋಣೆ, ಸಹಾಯಕ್ಕೆ ಒಬ್ಬರು ಬೇಕೇ, ಗಾಲಿಕುರ್ಚಿ ಬೇಕೇ ಎಲ್ಲವೂ ತೀರ್ಮಾನವಾಗುವುದು. ಸೂಟ್‌ಕೇಸು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ನೀನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. ‘ಅತ್ತೆ, ಅವರು ಏನು ಕೇಳಿದ್ರೂ ದಿನಾ ಹೇಗಿರುತ್ತೋ ಹಾಗೇ ಹೇಳಿ. ಒಳ್ಳೇ ದಿನದ್ದು ಹೇಳ್ಬೇಡಿ.’ ನನಗೆ ಬುದ್ಧಿ ಹೇಳುವಷ್ಟು ಬೆಳೆದಳೇ ಇವಳು ಎಂದುಕೊಂಡೆ. ‘ಬಸ್ಸು ತಪ್ಪುತ್ತೆ, ಹೊರಡು’ ಎಂದೆ.

ನೀನು ಹೋದ ಮರುದಿನವೇ ನಾನು ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಈ ಮೆಷಿನ್ನಿನಿಂದ ಕಪಾಟಿನವರೆಗೆ ಹನ್ನೆರಡು ಗೆರೆ. ಪ್ರತಿ ಸಂಜೆ ಅವಳು ಹಿಡಿದು ನಡೆಯುವ ವಾಕರನ್ನು ಅಡುಗೆಮನೆಯಲ್ಲಿಟ್ಟು ಚಿಲಕ ಹಾಕಿ, ಅವಳನ್ನು ಮೊದಲ ಗೆರೆಯ ಮೇಲೆ ನಿಲ್ಲಿಸುತ್ತಿದ್ದೆ. ‘ಬಿದ್ರೆ ಮೊದಲಿಂದ’ ಎನ್ನುವುದು ನನ್ನ ಕಾನೂನು. ಅವಳು ತುಟಿ ಕಚ್ಚಿ, ಉಸಿರು ಬಿಗಿಹಿಡಿದು, ಕತ್ತರಿಯ ಹಾಗೆ ಒಂದಕ್ಕೊಂದು ತೊಡರಿಕೊಳ್ಳುವ ಆ ಕಾಲುಗಳನ್ನು ಬಿಡಿಸಿ ಬಿಡಿಸಿ ಇಡುತ್ತಿದ್ದಳು. ಒಂದು ಸಂಜೆ ಏಳು ಸಲ ಮೊದಲಿಂದ ಶುರುಮಾಡಿಸಿದ್ದೇನೆ. ನಿನ್ನ ಗಂಡ ಬಾಗಿಲಲ್ಲಿ ನಿಂತು ‘ಸುಮ್ನಿರಮ್ಮ’ ಎಂದ. ಆ ಒಂದು ದಿನ ಅವನ ಮಾತು ಕೇಳಿದ್ದರೂ ಸಾಕಿತ್ತು. ‘ನಿನ್ನನ್ನೂ ಹೀಗೇ ನಡೆಸಿದ್ದು’ ಎಂದು ಅವನ ಬಾಯಿ ಮುಚ್ಚಿಸಿದೆ. ಅವನು ಹನ್ನೊಂದು ತಿಂಗಳಿಗೆ ತಾನಾಗಿಯೇ ನಡೆದವನು, ಅದು ಅವನಿಗೆ ನೆನಪಿರಲು ಹೇಗೆ ಸಾಧ್ಯ?

ಪರೀಕ್ಷೆಯ ಹಿಂದಿನ ದಿನ ಅವಳನ್ನು ಹಾಸಿಗೆಯಿಂದ ಇಳಿಯಲು ಬಿಡಲಿಲ್ಲ. ಕಾಲಿನ ಶಕ್ತಿಯನ್ನೆಲ್ಲ ಉಳಿಸಿಟ್ಟುಕೊಳ್ಳಲೆಂದು ಶಾಲೆಗೂ ಕಳುಹಿಸಲಿಲ್ಲ. ಕೇಂದ್ರಕ್ಕೆ ಆಟೋದಲ್ಲಿ, ಆಟೋದಿಂದ ಕೋಣೆಗೆ ನನ್ನ ಸೊಂಟದ ಮೇಲೆ. ಅಲ್ಲಿರುವ ಹುಡುಗಿಯನ್ನು ನಾನು ಟೇಪಿನ ಡಾಕ್ಟರಮ್ಮ ಎನ್ನುತ್ತೇನೆ. ಅವಳು ಡಾಕ್ಟರಲ್ಲ, ಥೆರಪಿಸ್ಟ್ ಎಂದು ನೀನು ತಿದ್ದುತ್ತೀಯ, ಇರಲಿ. ನೆಲದ ಮೇಲೆ ಹಳದಿ ಟೇಪು ಅಂಟಿಸಿರುತ್ತಾಳೆ. ನಿನ್ನ ಮಗಳು ಆ ಟೇಪಿನ ಮೇಲೆ ಹನ್ನೆರಡು ಹೆಜ್ಜೆ ನಡೆದಳು. ಹದಿಮೂರನೆಯದಕ್ಕೆ ಮೊದಲೇ ನಾನು ‘ಬಾ ಪುಟ್ಟಾ’ ಎಂದು ಎತ್ತಿಕೊಂಡುಬಿಟ್ಟೆ, ಸುಸ್ತಾದದ್ದು ಕಾಣಬಾರದೆಂದು. ಆಮೇಲೆ ಪ್ರಶ್ನೆಗಳು. ಮನೆಯಲ್ಲಿ ಹೀಗೇ ನಡೆಯುತ್ತಾಳಾ? ನಡೆಯುತ್ತಾಳೆ. ಮೆಟ್ಟಿಲು? ಕಂಬಿ ಹಿಡಿದರೆ ಹತ್ತುತ್ತಾಳೆ. ಬಟ್ಟೆ? ಹಾಕಿಕೊಳ್ಳುತ್ತಾಳೆ. ಬಚ್ಚಲಿಗೆ? ತಾನೇ ಹೋಗಿ ಬರುತ್ತಾಳೆ. ಒಂದೊಂದು ಉತ್ತರಕ್ಕೂ ಪಿಟೀಲು ನನ್ನ ಮುಖ ನೋಡುತ್ತಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಅವತ್ತು ಸಂಜೆಯಿಂದ ಎರಡು ದಿನ ಮೀನಖಂಡ ಹಿಡಿದುಕೊಂಡು ಅತ್ತಳು. ಬಿಸಿನೀರಿನ ಬಟ್ಟೆ ಇಟ್ಟೆ. ನಿನಗೆ ಹೇಳಲಿಲ್ಲ.

ನಾನೇ ಹೀಗೆ ಮಾಡಿದೆನಲ್ಲ ಎಂದು ನೆನೆದರೆ ಮೈ ಉರಿಯುತ್ತದೆ. ಅಂಗಡಿಗೆ ಅಳತೆ ಕೊಡಲು ಬಂದ ಎಷ್ಟು ಹೆಂಗಸರನ್ನು ನಾನು ಗದರಿಸಿಲ್ಲ! ಟೇಪು ಸೊಂಟಕ್ಕೆ ಬಂದ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ‘ಉಸಿರು ಬಿಡಮ್ಮ, ನಾನು ಹೊಲಿಯೋದು ನಿನಗೆ, ನಿನ್ನ ಆಸೆಗಲ್ಲ’ ಎಂದು ಸುತ್ತಲಿದ್ದವರೆಲ್ಲ ನಗುವಂತೆ ಹೇಳುತ್ತಿದ್ದೆ. ಇಲ್ಲಿ ಮಗುವಿನ ಉಸಿರನ್ನೇ ಬಿಗಿಹಿಡಿಸಿ ಅಳತೆ ಕೊಟ್ಟು ಬಂದೆ.

ಎರಡನೇ ಹಂತ ಎಂದು ಬರೆದ ಕಾಗದ ಅವತ್ತು ಅಲ್ಲೇ ಕೈಗೆ ಬಂದಿತ್ತು. ನನಗೆ ಅದು ರ‍್ಯಾಂಕಿನ ಹಾಗೆ ಕೇಳಿಸಿತು. ಸಂಖ್ಯೆ ಕಡಿಮೆಯಾದಷ್ಟೂ ನೆರವು ಕಡಿಮೆ ಸಾಕು ಎಂದಷ್ಟೇ ಅದರ ಅರ್ಥ, ನಾನು ಮಗು ಹುಷಾರು ಎಂದು ತಿಳಿದಿದ್ದೆ. ಕಾಯುವ ಬೆಂಚಿನ ಮೇಲೆ ನಾಲ್ಕು, ಐದು ಎಂದು ಬರೆಸಿಕೊಂಡ ತಾಯಂದಿರು ಕೂತಿದ್ದರು. ಅವರ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಹಾದುಹೋದೆ. ಅದಕ್ಕಿಂತ ನಾಚಿಕೆಗೇಡಿನ ನಡಿಗೆ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ. ಮನೆಗೆ ಬಂದು ನಿನಗೆ ಉದ್ದ ಕಾಗದ ಬರೆದೆ, ಮಗಳು ಆಸರೆಯಿಲ್ಲದೆ ನಡೆಯುತ್ತಿದ್ದಾಳೆ, ನೀನು ಏಳು ವರ್ಷದಲ್ಲಿ ಮಾಡಲಾಗದ್ದನ್ನು ನಾನು ಮೂರು ವಾರದಲ್ಲಿ ಮಾಡಿದೆ ಎಂದು. ಕೊನೆಯ ಮಾತು ಬೇಕೆಂದೇ ಬರೆದದ್ದು. ನೀನು ಅದನ್ನು ಓದಿ, ಚುಚ್ಚಿದ್ದನ್ನು ಗಮನಿಸದವಳ ಹಾಗೆ, ಹಾಸ್ಟೆಲ್ಲಿನವರಿಗೆಲ್ಲ ಚಾಕಲೇಟು ಹಂಚಿದೆ ಎಂದು ಫೋನಿನಲ್ಲಿ ಅತ್ತುಬಿಟ್ಟೆ. ಆಗಲಾದರೂ ಹೇಳಬೇಕಿತ್ತು. ‘ಅಳೋದಕ್ಕೇನಿದೆ’ ಎಂದು ಇಟ್ಟುಬಿಟ್ಟೆ.

ಆ ಕಾಗದ ನೋಡಿ ಶಾಲೆಯವರು ಅವಳನ್ನು ಎರಡನೇ ಮಹಡಿಯ ಕೋಣೆಗೆ ಹಾಕಿದರು. ಸಹಾಯಕ್ಕೆ ಯಾರೂ ಇಲ್ಲ, ಗಾಲಿಕುರ್ಚಿಯೂ ಇಲ್ಲ. ಬೆಳಿಗ್ಗೆ ನಿನ್ನ ಗಂಡ ಹೊತ್ತು ಮೇಲೆ ಬಿಟ್ಟು ಬರುತ್ತಿದ್ದ, ಸಂಜೆ ಗೇಟಿನವನು ಕೆಳಗಿಳಿಸುತ್ತಿದ್ದ. ಮಧ್ಯಾಹ್ನ ಉಳಿದ ಮಕ್ಕಳೆಲ್ಲ ಆಟಕ್ಕೆ ಇಳಿದು ಹೋದರೆ ಅವಳೊಬ್ಬಳೇ ಕಿಟಕಿಯ ಪಕ್ಕ. ‘ಮೇಲಿಂದ ಎಲ್ಲ ಕಾಣುತ್ತೆ ಅಜ್ಜಿ, ಯಾರು ಮೋಸ ಮಾಡ್ತಾರೆ ಅಂತ ನಾನೇ ಹೇಳೋದು’ ಎಂದು ಬೀಗುತ್ತಾ ಹೇಳಿದಳು. ನಾನೂ ಬೀಗಿದೆ.

ಇನ್ನು ಬಟ್ಟೆಯ ವಿಷಯ. ಕಾಲಿಗೆ ಹಾಕುವ ಪ್ಲಾಸ್ಟಿಕ್ಕಿನ ಬ್ರೇಸು ಯಾರಿಗೂ ಕಾಣಬಾರದೆಂದು ನಾನು ಉದ್ದನೆಯ ಪ್ಯಾಂಟು ಹೊಲಿದೆ. ಐದು ಜೊತೆ. ಸೊಂಟಕ್ಕೆ ಪಟ್ಟಿ, ಪಕ್ಕಕ್ಕೆ ಮೂರು ಉಕ್ಕಿನ ಹುಕ್ಕು, ಒಳಗೊಂದು ಗುಂಡಿ. ಮೇಲಂಗಿಗೆ ಬೆನ್ನಿನ ಕಡೆ ಸಾಲಾಗಿ ಒಂಬತ್ತು ಪುಟ್ಟ ಗುಂಡಿ. ನೋಡಿದವರೆಲ್ಲ ಯಾವ ಅಂಗಡಿಯದು ಎಂದು ಕೇಳಬೇಕು, ಹಾಗೆ. ನೀನು ಹೋಗುವ ಮುಂಚೆ ಸಂತೆಯಿಂದ ಎಲಾಸ್ಟಿಕ್ಕಿನ ಪ್ಯಾಂಟು ಎರಡು ತಂದಿಟ್ಟಿದ್ದೆಯಲ್ಲ, ‘ಇದು ಆಸ್ಪತ್ರೆ ಬಟ್ಟೆ, ನಮ್ಮನೆ ಮಗುಗಲ್ಲ’ ಎಂದು ಕಪಾಟಿನ ತಳಕ್ಕೆ ತಳ್ಳಿದ್ದೆ. ಮೊನ್ನೆ ತೆಗೆದು ನೋಡಿದೆ. ಅವಳಿಗೀಗ ಅವು ಗಿಡ್ಡ. ಹಾಕಿಕೊಳ್ಳಬೇಕಾದ ಕಾಲದಲ್ಲಿ ಒಂದು ದಿನವೂ ಹಾಕಿಕೊಳ್ಳಲಿಲ್ಲ.

ಶಾಲೆಯಿಂದ ಅವಳ ನೀರಿನ ಬಾಟಲಿ ತುಂಬಿಯೇ ವಾಪಸು ಬರುತ್ತಿತ್ತು. ಅಲ್ಲಿ ಒಳ್ಳೆಯ ನೀರು ಕೊಡುತ್ತಾರೆ, ಅದನ್ನೇ ಕುಡಿಯುತ್ತಾಳೆ ಎಂದುಕೊಂಡೆ. ಫೆಬ್ರವರಿಯಲ್ಲಿ ಬಂದ ಜ್ವರ ಶೀತದ್ದೆಂದು ನಿನಗೆ ಹೇಳಿದೆ. ಅಲ್ಲ. ಚಳಿ ಹತ್ತಿ ನಡುಗಿ, ಹೊಟ್ಟೆ ಹಿಡಿದು ಕಿರುಚಿಕೊಂಡಳು. ಆಸ್ಪತ್ರೆಯಲ್ಲಿ ಮೂತ್ರದ ಸೋಂಕು ಎಂದರು, ಮೂರು ದಿನ ಸೂಜಿ ಚುಚ್ಚಿದರು. ಡಾಕ್ಟರು ಹಾಸಿಗೆಯ ಅಂಚಿನಲ್ಲಿ ಕೂತು, ‘ಯಾಕಮ್ಮ ನೀರು ಕುಡಿಯಲ್ವಾ ನೀನು?’ ಎಂದು ಕೇಳಿದರು. ಮುಚ್ಚುಮರೆಯಿಲ್ಲದೆ ಹೇಳಿದಳು. ‘ಕುಡಿದ್ರೆ ಬರುತ್ತೆ. ಬಂದ್ರೆ ಬಿಚ್ಚಕ್ಕಾಗಲ್ಲ. ಅಜ್ಜಿ ಹಾಕೋ ಹುಕ್ಕು ತುಂಬ ಗಟ್ಟಿ.’ ಟೀಚರನ್ನು ಕರೆಯಬಾರದಿತ್ತೇ ಎಂದು ಕೇಳಿದ್ದಕ್ಕೆ, ಒಂದು ಸಲ ಕರೆದಳಂತೆ. ಆ ಟೀಚರಿಗೆ ನಲವತ್ತು ಮಕ್ಕಳು. ಕಾಗದ ನೋಡಿ, ‘ನಿನಗೆಲ್ಲ ಬರುತ್ತೆ ಅಂತ ಬರೆದಿದೆಯಲ್ಲ ಮರಿ, ಮಾಡ್ಕೋ’ ಎಂದರಂತೆ. ನನಗೇಕೆ ಹೇಳಲಿಲ್ಲ ಎಂದೆ. ‘ನೀನೇ ಹೇಳಿದ್ಯಲ್ಲ ಅಜ್ಜಿ, ಬರುತ್ತೆ ಅಂತ. ನಾನು ಬರಲ್ಲ ಅಂದ್ರೆ ನೀನು ಸುಳ್ಳುಗಾತಿ ಆಗ್ತಿದ್ದೆ.’ ಡಾಕ್ಟರು ನನ್ನ ಕಡೆ ನೋಡಲಿಲ್ಲ. ಆ ಮನುಷ್ಯನ ದೊಡ್ಡತನ ಅದು. ನನ್ನ ಮಾನ ಉಳಿಸಲು ಏಳು ವರ್ಷದ ಮಗು ನಾಲ್ಕು ತಿಂಗಳು ಬಾಯಾರಿಕೊಂಡು ಕೂತಿತ್ತು.

ಅವಳಿಗೆ ಜ್ವರ ಬಿಟ್ಟ ಮೇಲೆ ನಾನೊಬ್ಬಳೇ ಕೇಂದ್ರಕ್ಕೆ ಹೋದೆ. ಅದೇ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತೆ. ನನ್ನ ಸರದಿ ಬಂದಾಗ ಟೇಪಿನ ಡಾಕ್ಟರಮ್ಮನ ಮುಂದೆ ನಿಂತೇ ಹೇಳಿದೆ, ಅಕ್ಟೋಬರಿನಲ್ಲಿ ನಾನು ಕೊಟ್ಟ ಉತ್ತರಗಳೆಲ್ಲ ಸುಳ್ಳು ಎಂದು. ಬೈಯುತ್ತಾಳೆ, ಬೈಸಿಕೊಂಡು ಹಗುರಾಗಿ ಬರೋಣ ಎಂದುಕೊಂಡಿದ್ದೆ. ಅವಳು ಕುರ್ಚಿ ಎಳೆದು ಕೊಟ್ಟು, ‘ಕೂತ್ಕೊಳ್ಳಿ ಅಜ್ಜಿ. ಹತ್ತು ಮನೇಲಿ ಆರು ಮನೆಯವರು ಹೀಗೇ ಹೇಳೋದು’ ಎಂದಳು. ನಿನಗೆ ಗೊತ್ತಲ್ಲ, ಹತ್ತರಲ್ಲಿ ಆರು ಜನರ ಸಾಲಿಗೆ ಸೇರಿಸಿದರೆ ನನಗೆ ಬೈದದ್ದಕ್ಕಿಂತ ಹೆಚ್ಚು ಉರಿಯುತ್ತದೆ. ‘ನಾನು ಆ ಆರು ಜನ ಅಲ್ಲ’ ಎಂದೆ. ‘ಅವರೂ ಹಾಗೇ ಅಂತಾರೆ’ ಎಂದಳು. ಬಾಯಿ ಜೋರಿದೆ, ಕೆಲಸ ಗೊತ್ತಿರುವ ಹುಡುಗಿ. ತನ್ನದೂ ತಪ್ಪಿದೆ, ಅವತ್ತು ಬಾಗಿಲಾಚೆ ಹದಿನೆಂಟು ಮಕ್ಕಳಿದ್ದರು, ಹದಿಮೂರನೇ ಹೆಜ್ಜೆ ಕೇಳಬೇಕಿತ್ತು ಎಂದಳು. ಶಾಲೆ ಮುಗಿದ ಮೇಲೆ, ದಣಿದಿರುವಾಗ, ದಿನಾ ಹಾಕುವ ಬಟ್ಟೆಯಲ್ಲೇ, ಮನೆಯ ಚಮಚ ಮತ್ತು ಲೋಟದ ಜೊತೆ ಕರೆತರಲು ಹೇಳಿದಳು. ‘ಮಗು ಒಂದು ಸಲ ಏನು ಮಾಡಿ ತೋರಿಸ್ತು ಅನ್ನೋದು ಬೇಡ, ದಿನಾ ಏನು ಮಾಡುತ್ತೆ ಅನ್ನೋದು ಬೇಕು.’ ನೀನು ಬಾಗಿಲಲ್ಲಿ ನಿಂತು ಹೇಳಿದ್ದನ್ನೇ ಅವಳೂ ಹೇಳಿದಳು.

ಮೊನ್ನೆ ಗುರುವಾರ ಹೋದೆವು. ನಿನ್ನ ಗಂಡನೂ ಅರ್ಧ ದಿನ ರಜೆ ಹಾಕಿ ಬಂದ. ಟೇಪಿನ ಮೇಲೆ ನಾಲ್ಕು ಹೆಜ್ಜೆಗೆ ಅವಳು ಗೋಡೆಗೆ ಕೈ ಚಾಚಿ, ನನ್ನ ಕಡೆ ನೋಡಿದಳು. ‘ಸಾಕು, ವಾಕರ್ ತಗೋ’ ಎಂದೆ. ಅವಳ ಮುಖ ಹೇಗೆ ಬಿಚ್ಚಿಕೊಂಡಿತು ಎಂದು ನಿನಗೆ ಬರೆದು ತಿಳಿಸಲಾರೆ. ವಾಕರ್ ಹಿಡಿದು ಕೋಣೆಯನ್ನು ಎರಡು ಸುತ್ತು ಹಾಕಿದಳು. ಹೊರಗಿನ ಉದ್ದದ ಮೊಗಸಾಲೆಯಲ್ಲಿ ಅರ್ಧಕ್ಕೆ ನಿಂತು ಏದುಸಿರು ಬಿಟ್ಟಳು. ಅದನ್ನೂ ಬರೆದುಕೊಂಡರು. ಆಮೇಲೆ ಕೈಯ ಕೆಲಸ. ಮರದ ತುಂಡುಗಳನ್ನು ಡಬ್ಬಿಯಿಂದ ಡಬ್ಬಿಗೆ ಹಾಕುವುದು, ಮಣಿ ಹೆಕ್ಕುವುದು, ಪುಸ್ತಕದ ಹಾಳೆ ಒಂದೊಂದಾಗಿ ತಿರುಗಿಸುವುದು, ಮುಚ್ಚಳ ತಿರುಗಿಸಿ ತೆಗೆಯುವುದು. ಬಲಗೈ ಮಾಡುತ್ತದೆ, ಎಡಗೈ ಮುಷ್ಟಿಯಾಗಿಯೇ ಇದ್ದರೂ ಒತ್ತಿ ಹಿಡಿದುಕೊಳ್ಳುತ್ತದೆ. ಡಬ್ಬಿ ಜಾರಿದಾಗ ನಾನು ಹಿಡಿಯಹೋದೆ. ‘ಅಜ್ಜೀ, ಕೈ’ ಎಂದಳು ಡಾಕ್ಟರಮ್ಮ. ಬಾಳೆಹಣ್ಣಿನ ಸಿಪ್ಪೆ ಬಿಡಿಸುವಾಗ ಮತ್ತೆ ‘ಅಜ್ಜೀ, ಕೈ’. ಮೂರನೇ ಸಲಕ್ಕೆ ಪಿಟೀಲೇ ‘ಅಜ್ಜಿ, ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಕೋ, ನಮ್ಮ ಕ್ಲಾಸಲ್ಲಿ ಗಲಾಟೆ ಮಾಡೋರಿಗೆ ಹಾಗೇ ಮಾಡ್ಸೋದು’ ಎಂದಳು. ಕೂತೆ. ನಿನ್ನ ಗಂಡ ಗೋಡೆಯ ಕಡೆ ತಿರುಗಿ ನಕ್ಕ. ನಾನು ನೋಡಿದೆ.

ನನ್ನ ಒಂಬತ್ತು ಗುಂಡಿಯ ಅಂಗಿಯನ್ನು ಡಾಕ್ಟರಮ್ಮ ತಿರುಗಿಸಿ ತಿರುಗಿಸಿ ನೋಡಿದಳು. ‘ಎಷ್ಟು ಚೆನ್ನಾಗಿ ಹೊಲಿದಿದ್ದಾರೆ. ಇದನ್ನ ದೊಡ್ಡವರೂ ತಾವೇ ಹಾಕ್ಕೊಳ್ಳಕ್ಕಾಗಲ್ಲ’ ಎಂದಳು. ಹೊಗಳಿದಳೋ ತೆಗಳಿದಳೋ. ಕೇಂದ್ರದ್ದೇ ಒಂದು ಸಡಿಲ ಅಂಗಿ ಕೊಟ್ಟಳು, ಮುಂದೆ ನಾಲ್ಕು ದಪ್ಪ ಗುಂಡಿ. ಎಡ ತೋಳು ಮೊದಲು, ಆಮೇಲೆ ಬಲ, ಆಮೇಲೆ ಗುಂಡಿ. ಹನ್ನೊಂದು ನಿಮಿಷ. ಗಡಿಯಾರ ನೋಡುತ್ತಾ ಕೂತಿದ್ದೆ. ತನ್ನ ಕೈಯಾರೆ ತೊಟ್ಟ ಮೊದಲ ಅಂಗಿ ಅದು. ‘ನಮ್ಮನೇಲಿ ಬೆಳಿಗ್ಗೆ ಹನ್ನೊಂದು ನಿಮಿಷ ಎಲ್ಲಿದೆಯಮ್ಮ’ ಎಂದು ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ. ಅಂದಮೇಲೆ ತಿಳಿಯಿತು. ನನಗಿರುವ ಕೆಲಸವಾದರೂ ಏನು? ಅಂಗಡಿ ಮುಚ್ಚಿ ನಾಲ್ಕು ವರ್ಷವಾಯಿತು. ಏಳು ವರ್ಷ ನಾನು ಅವಳಿಗೆ ಉಣಿಸಿದೆ, ತೊಡಿಸಿದೆ, ಬಾಚಿದೆ. ಅವಳ ಕೈ ನಿಧಾನವೆಂದು ನನ್ನ ಕೈ ಅವಸರಪಟ್ಟಿತು. ನೀನು ‘ಅವಳೇ ಮಾಡ್ಲಿ ಬಿಡಿ ಅತ್ತೆ’ ಎಂದಾಗಲೆಲ್ಲ ನಿನಗೆ ಸೋಮಾರಿತನ ಎಂದುಕೊಂಡೆ, ನೆರೆಮನೆಯವರ ಮುಂದೆ ಆಡಿಯೂ ಬಿಟ್ಟೆ. ಕಾಲಿನ ವಿಷಯದಲ್ಲಿ ಇಲ್ಲದ್ದನ್ನು ಇದೆ ಎಂದವಳು, ಕೈಯ ವಿಷಯದಲ್ಲಿ ಇದ್ದದ್ದನ್ನೂ ಬೆಳೆಯಗೊಡಲಿಲ್ಲ.

ಈಗ ಮೂರನೇ ಹಂತ ಎಂದು ಬರೆದಿದ್ದಾರೆ. ಒಳಗೆ ವಾಕರ್, ದೂರಕ್ಕೆ ಗಾಲಿಕುರ್ಚಿ. ಕುರ್ಚಿಗೆ ಅವಳ ಅಳತೆ ತೆಗೆದರು, ಬರಲು ಐದು ವಾರವಂತೆ. ನಿನ್ನೆಯಿಂದ ತರಗತಿ ನೆಲಮಹಡಿಗೆ ಬಂದಿದೆ, ಅರ್ಧ ದಿನಕ್ಕೆ ಒಬ್ಬ ಸಹಾಯಕಿ ಸಿಗುತ್ತಾಳೆ. ಇಷ್ಟು ಒಳ್ಳೆಯ ಸುದ್ದಿ. ಕೆಟ್ಟದ್ದನ್ನೂ ಬಚ್ಚಿಡುವುದಿಲ್ಲ. ನೀನು ಹೊರಟಾಗ ಅವಳ ಎಡ ಹಿಮ್ಮಡಿ ನೆಲಕ್ಕೆ ತಾಗುತ್ತಿತ್ತು, ಈಗ ಎರಡು ಬೆರಳು ಮೇಲೆಯೇ ನಿಲ್ಲುತ್ತದೆ. ಎದ್ದು ಓಡಾಡದೆ ಒಂದೇ ಕಡೆ ಕೂತದ್ದಕ್ಕೋ, ನಾನು ಬಲವಂತ ಮಾಡಿದ್ದಕ್ಕೋ, ಎತ್ತರ ಬೆಳೆದದ್ದಕ್ಕೋ ಒಂದೇ ಕಾರಣ ಹೇಳಲಾಗದು ಎಂದಳು ಡಾಕ್ಟರಮ್ಮ. ಮೂರರಲ್ಲಿ ಎರಡು ನನ್ನವು. ವಾರಕ್ಕೊಮ್ಮೆ ಬದಲಿಸುತ್ತಾ ಒಂದು ತಿಂಗಳು ಕಾಲಿಗೆ ಪ್ಲಾಸ್ಟರ್ ಹಾಕಿ ನೋಡುತ್ತಾರೆ. ಪೂರ್ತಿ ಮೊದಲಿನಂತಾಗುತ್ತದೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವತ್ತು ಕೊನೆಗೆ ಡಾಕ್ಟರಮ್ಮ ಪಿಟೀಲು ಒಬ್ಬಳನ್ನೇ ಕೂರಿಸಿಕೊಂಡು, ‘ನಿನಗೆ ಯಾವ ಕೆಲಸ ನೀನೇ ಮಾಡ್ಕೋಬೇಕು ಅಂತ ಎಲ್ಲಕ್ಕಿಂತ ಆಸೆ?’ ಎಂದು ಕೇಳಿದಳಂತೆ. ನಡೆಯಬೇಕು ಎನ್ನುತ್ತಾಳೆಂದು ನಾನು ಹೊರಗೆ ಕೂತು ಎಣಿಸುತ್ತಿದ್ದೆ. ‘ಬಚ್ಚಲ ಬಾಗಿಲು ಹಾಕ್ಕೊಂಡು ಒಬ್ಬಳೇ ಇರಬೇಕು’ ಎಂದಳಂತೆ. ಒಂದು ದಿನವೂ ಅವಳು ಹಾಗೆ ಇದ್ದದ್ದಿಲ್ಲ, ನನಗೆ ಹೊಳೆದದ್ದೂ ಇಲ್ಲ. ಶುಕ್ರವಾರ ಬಡಗಿ ಬಂದು ಕೈಯಾಸರೆಗೆ ಗೋಡೆಗೆ ಕಂಬಿ ಹಾಕಿದ, ಚಿಲಕ ಅವಳ ಕೈಗೆಟುಕುವಷ್ಟು ಕೆಳಗಿಳಿಸಿದ. ಹುಕ್ಕಿನ ಪ್ಯಾಂಟುಗಳ ಸೊಂಟ ಬಿಚ್ಚಿ ನಾಲ್ಕಕ್ಕೆ ಎಲಾಸ್ಟಿಕ್ ಹೊಲಿದೆ, ಐದನೆಯದು ಮೆಷಿನ್ನಿನ ಮೇಲಿದೆ. ನಿನ್ನೆ ಸಂಜೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಹೊರಗೆ ನೆಲದ ಮೇಲೆ ಕೂತೆ. ಏನೋ ಬಿತ್ತು. ‘ಬರ್ಲೇನೇ?’ ಎಂದೆ. ‘ಬೇಡ, ಅಜ್ಜಿ. ಮಗ್ಗು’ ಎಂದಳು. ಇಪ್ಪತ್ತು ನಿಮಿಷ. ಈ ಮನೆಯಲ್ಲಿ ನನಗೆ ಯಾರಾದರೂ ಬೇಡ ಎಂದದ್ದು, ನಾನು ಸುಮ್ಮನೆ ಕೂತದ್ದು, ಎರಡೂ ಮೊದಲ ಸಲ.

ಇದನ್ನು ಓದಿದವಳೇ ಪೆಟ್ಟಿಗೆ ಕಟ್ಟಿಕೊಂಡು ಹೊರಡಬೇಡ. ಇನ್ನು ಮೂರು ತಿಂಗಳಿದೆ, ಮುಗಿಸಿಕೊಂಡೇ ಬಾ. ಕೋಪ ಬಂದರೆ ಬರೆದು ಕಳಿಸು, ಫೋನಿನಲ್ಲಾದರೆ ನಾನು ಎದುರುತ್ತರ ಕೊಟ್ಟುಬಿಡುತ್ತೇನೆ. ಅಕ್ಟೋಬರಿನ ಕಾಗದ ಇನ್ನೂ ಇಟ್ಟುಕೊಂಡಿದ್ದರೆ ಹರಿದುಹಾಕು. ಕ್ಷಮಿಸು ಎನ್ನುವ ಮಾತು ನನಗೆ ಬರುವುದಿಲ್ಲ, ಹೊಸದಾಗಿ ಕಲಿಯುವ ವಯಸ್ಸೂ ಅಲ್ಲ. ನಿನ್ನ ಕೈಗೆ ವಿದ್ಯೆ ಒಲಿಯಲಿ, ಭುಜ ಬೇಗ ವಾಸಿಯಾಗಲಿ. ನಿನ್ನ ಗಂಡ ನೆನಪಿಸಿಕೊಂಡಿದ್ದಾನೆ. ಮಗಳು ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ್ದು.

ಇಂತು,
ನಿನ್ನ ಅತ್ತೆ

ಬರೆಯಲು ಮರೆತಿದ್ದೆ, ಅಂಚೆಯ ಹೊತ್ತಾಯಿತು: ಜೊತೆಯಲ್ಲಿ ಕೇಂದ್ರದವರ ಹಾಳೆಯೊಂದಿದೆ. ಇನ್ನು ಮುಂದೆ ಆರು ತಿಂಗಳಿಗೊಮ್ಮೆ ಮಗುವಿನ ಬಗ್ಗೆ ಕೇಳಿದಾಗ ಮನೆಯ ಪರವಾಗಿ ಉತ್ತರ ಕೊಡುವವರು ಯಾರು ಎಂದು ತಾಯಿ ಬರೆದು ಸಹಿ ಹಾಕಬೇಕಂತೆ. ನಿನ್ನ ಗಂಡ ‘ಅಮ್ಮಂದೇ ಬರೀತೀನಿ’ ಎಂದು ನನ್ನ ಹೆಸರು ಬರೆಯಲು ಹೊರಟಿದ್ದ, ಪೆನ್ನು ಕಿತ್ತುಕೊಂಡೆ. ಆ ಸಾಲು ಖಾಲಿ ಬಿಟ್ಟಿದ್ದೇನೆ. ನಿನ್ನದನ್ನೇ ಬರೆದುಕೊ, ಅವನದನ್ನು ಬರೆ, ನಾನು ಯಾಕೆಂದು ಕೇಳುವುದಿಲ್ಲ. ಇಪ್ಪತ್ತೆಂಟರೊಳಗೆ ಅವರಿಗೆ ತಲುಪಬೇಕು. ಒಂದು ವೇಳೆ ನನ್ನದನ್ನೇ ಬರೆಯುವೆಯಾದರೆ ಪೂರ್ತಿ ಹೆಸರು ಬರೆ. ಬರೀ ಅತ್ತೆ ಎಂದರೆ ಅವರಿಗೆ ಗೊತ್ತಾಗುವುದಿಲ್ಲ.